ಡಿಸ್‌ಪ್ಲೇಯಲ್ಲಿ 53 ಡಿಗ್ರಿ, ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು

ನಮ್ಮ ಮನೆಯ ನೀರು ಕಾಯಿಸುವ ಹೀಟ್ ಪಂಪ್ ಕೈಕೊಟ್ಟಿದ್ದು ಆಷಾಢದ ಮಳೆಯಲ್ಲಿ. ಕೈಕೊಟ್ಟಿದೆ ಅಂತ ಗೊತ್ತಾಗಲಿಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಯಾಕಂದ್ರೆ ಯಂತ್ರದ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಗೋಡೆಯ ಮೇಲಿನ ಡಿಸ್‌ಪ್ಲೇ 53 ಡಿಗ್ರಿ ತೋರಿಸುತ್ತಿತ್ತು. ಎರರ್ ಕೋಡ್ ಇಲ್ಲ, ಕೆಂಪು ದೀಪ ಇಲ್ಲ. ಬಚ್ಚಲುಮನೆಯಿಂದ ಆಯಿ ಮಾತ್ರ ಕೂಗುತ್ತಿದ್ದಳು, "ತಮಾ, ನೀರು ಬಿಸಿನೇ ಆಯ್ದಿಲ್ಲೆ!"

ನಮ್ಮದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಮನೆ. ಅಡಿಕೆ ತೋಟದ ಜೊತೆಗೆ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿಕೊಂಡಿದ್ದೇವೆ. ಉಂಚಳ್ಳಿ ಜಲಪಾತ, ಜೋಗ ಅಂತ ಬರುವವರು ಮಳೆಯಲ್ಲಿ ತೊಯ್ದು ವಾಪಸ್ ಬಂದು ಮೊದಲು ಕೇಳುವುದೇ ಬಿಸಿನೀರು. ಮೊದಲೆಲ್ಲ ಹಂಡೆ ಇತ್ತು. ಒಲೆಗೆ ಅಡಿಕೆ ಸಿಪ್ಪೆ ತುಂಬಿದರೆ ಮುಗಿಯಿತು. ಈಗಲೂ ಮನೆಯವರಿಗೆ ಅದೇ ಇಷ್ಟ. ಆದರೆ ಬಂದ ನೆಂಟರಿಗೆಲ್ಲ ಹಂಡೆಯಿಂದ ಬಕೆಟ್ ಹೊರಲು ಆಗುವುದಿಲ್ಲ. ಸೋಲಾರ್ ಹಾಕೋಣ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲನ್ನು ಹುಡುಕಿಕೊಂಡು ಹೋಗಬೇಕು. ಹಾಗಾಗಿ 200 ಲೀಟರಿನ ಹೀಟ್ ಪಂಪ್ ಬಂತು.

ಇದು ಕೆಲಸ ಮಾಡುವ ರೀತಿ ಫ್ರಿಜ್‌ನದ್ದೇ, ದಿಕ್ಕು ಮಾತ್ರ ಬೇರೆ. ಫ್ರಿಜ್ ಒಳಗಿನ ಶಾಖ ತೆಗೆದು ಹೊರಗೆ ಬಿಡುತ್ತದೆ. ಇದು ಹೊರಗಿನ ಗಾಳಿಯ ಶಾಖ ತೆಗೆದು ನೀರಿಗೆ ಕೊಡುತ್ತದೆ. ಕಂಪ್ರೆಸರ್, ಫ್ಯಾನ್, ಗ್ಯಾಸ್ ಓಡುವ ತಾಮ್ರದ ಕೊಳವೆ, ಅಷ್ಟೇ. ಗಾಳಿ 20 ಡಿಗ್ರಿ ಇದ್ದರೂ ಅದರಲ್ಲಿ ಬೇಕಾದಷ್ಟು ಶಾಖ ಇರುತ್ತದೆ. 200 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಕರೆಂಟ್ ರಾಡಿನಲ್ಲಾದರೆ ಹತ್ತಿರ ಹತ್ತಿರ 7 ಯೂನಿಟ್ ಬೇಕು. ಹೀಟ್ ಪಂಪಿಗೆ ಸುಮಾರು 2 ಯೂನಿಟ್ ಸಾಕು. ಅದಕ್ಕೇ ಇದರ ದುಬಾರಿ ಬೆಲೆ ಸಹಿಸಿಕೊಳ್ಳುವುದು.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವರು ಎರಡು ಪ್ರಶ್ನೆ ಕೇಳಿ ತೀರ್ಪು ಕೊಟ್ಟರು: ಗ್ಯಾಸ್ ಲೀಕ್ ಆಗಿರಬೇಕು, ಇಲ್ಲಾಂದ್ರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿರಬೇಕು. ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಬರಬೇಕು, ಮಳೆ ಕಮ್ಮಿಯಾದ ಮೇಲೆ ನೋಡೋಣ ಅಂದರು. ಈ 'ಗ್ಯಾಸ್ ಹೋಗಿದೆ' ಅನ್ನುವ ಮಾತು ನನಗೆ ಯಾವಾಗಲೂ ಅನುಮಾನ. ಫ್ರಿಜ್ ಇರಲಿ, ಏಸಿ ಇರಲಿ, ನೋಡದೇ ಹೇಳುವ ಮೊದಲ ಮಾತು ಅದೇ. ಗ್ಯಾಸ್ ಓಡುವುದು ಮುಚ್ಚಿದ ಕೊಳವೆಯಲ್ಲಿ. ಎಲ್ಲೋ ತೂತು ಬೀಳದೆ ಅದು ಸುಮ್ಮನೆ ಖರ್ಚಾಗುವುದಿಲ್ಲ. ಅದಲ್ಲದೆ ಗ್ಯಾಸ್ ಕಮ್ಮಿಯಾದರೆ ಕಂಪ್ರೆಸರ್ ಓಡುತ್ತಲೇ ಇರಬೇಕು, ನೀರು ಮಾತ್ರ ಕಾಯಬಾರದು. ಅಥವಾ ಪ್ರೆಶರ್ ಸ್ವಿಚ್ ಬಿದ್ದು ಕೋಡ್ ತೋರಿಸಬೇಕು. ನಮ್ಮದು ಸ್ಟಾರ್ಟೇ ಆಗುತ್ತಿರಲಿಲ್ಲ. ಕೋಡೂ ಇಲ್ಲ. ತನಗೆ ಕೆಲಸವೇ ಇಲ್ಲ ಅಂತ ಯಂತ್ರ ಕೂತಿತ್ತು.

ಪೇಟೆಯಲ್ಲಿ ವೈರಿಂಗ್ ಕೆಲಸ ಮಾಡುವ ಭಾವನಿಗೆ ಹೇಳಿ ಕಳಿಸಿದೆ. ಮಳೆಯಲ್ಲೇ ಬೈಕ್ ಮೇಲೆ ಬಂದ. ಎಲೆಯಡಿಕೆ ಕವಳ ಹಾಕಿಕೊಂಡು ಡಿಸ್‌ಪ್ಲೇ ಮುಂದೆ ಸುಮಾರು ಹೊತ್ತು ಸುಮ್ನೆ ನಿಂತ. ಆಮೇಲೆ ಕೇಳಿದ, "ಭಾವಾ, ನೀರು ನಿಜಕ್ಕೂ ಎಷ್ಟು ಬಿಸಿ ಇದ್ದು? ಅಳದು ನೋಡಿದ್ಯಾ?"

ಅವನ ಮಲ್ಟಿಮೀಟರಿನಲ್ಲಿ ಉಷ್ಣತೆ ನೋಡುವ ತಂತಿಯೂ ಇತ್ತು. ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಕೊಳವೆಯ ತಣ್ಣೀರು ಹೋದ ಮೇಲೆ ಚೊಂಬಿನಲ್ಲಿ ಹಿಡಿದು ನೋಡಿದರೆ 42 ಡಿಗ್ರಿ. ಬಿಸಿನೀರು ಯಾವಾಗಲೂ ಟ್ಯಾಂಕಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ನಲ್ಲಿಗೆ ನೀರು ಹೋಗುವುದೂ ಅಲ್ಲಿಂದಲೇ. ಯಂತ್ರಕ್ಕೆ ಉಷ್ಣತೆ ತಿಳಿಸುವ ಸೆನ್ಸರ್ ಇರುವುದು ಟ್ಯಾಂಕಿನ ನಡುವೆ. ನಡುವಿನ ನೀರು 53 ಇದ್ದು ಮೇಲಿನ ನೀರು 42 ಆಗಿರಲು ಸಾಧ್ಯವೇ ಇಲ್ಲ. ಅಲ್ಲಿಗೆ ಗ್ಯಾಸಿನ ಮಾತು ಮುಗಿಯಿತು. ಯಂತ್ರಕ್ಕೆ ಯಾರೋ ಸುಳ್ಳು ಹೇಳುತ್ತಿದ್ದರು. ನಾವು ಇಟ್ಟಿದ್ದು 55 ಡಿಗ್ರಿ. 50ಕ್ಕೆ ಇಳಿದರೆ ಮಾತ್ರ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗುವ ಹಾಗೆ ಅದರ ಸೆಟ್ಟಿಂಗ್. 53 ಅಂತ ನಂಬಿದ ಯಂತ್ರ ಯಾಕೆ ಏಳಬೇಕು? ಒಳಗಿರುವ ಕರೆಂಟ್ ರಾಡೂ ಅದೇ ಸೆನ್ಸರಿನ ಮಾತು ಕೇಳುವುದರಿಂದ ಅದೂ ಮಲಗಿತ್ತು.

ಮೇನ್ ತೆಗೆದು ಹೊರಗಿನ ಯೂನಿಟ್‌ನ ಮುಚ್ಚಳ ಬಿಚ್ಚಿದೆವು. ಇಲ್ಲಿ ಒಂದು ಮಾತು ಹೇಳಲೇಬೇಕು. ಎಂಸಿಬಿ ಸ್ವಿಚ್ ಇಳಿಸಿದ ತಕ್ಷಣ ಒಳಗೆ ಕೈ ಹಾಕಬಾರದು. ಕಂಪ್ರೆಸರಿನ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಕಂಪ್ರೆಸರಿನ ವೇಗ ಬದಲಿಸುವ ಇನ್ವರ್ಟರ್ ಮಾದರಿಯಾದರೆ ಇನ್ನೂ ಅಪಾಯ, ಬೋರ್ಡಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ಭಾವ ಇನ್ನೊಂದು ಕವಳ ಮುಗಿಯುವವರೆಗೆ ಕಾದ. ಆಮೇಲೆ ಮೀಟರ್ ಹಿಡಿದು ಸೊನ್ನೆ ನೋಡಿಯೇ ಮುಂದಿನ ಕೆಲಸ. ಯಾವ ವೈರ್ ಎಲ್ಲಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಒಳಗೆ ನೋಡಿದರೆ ಅದೊಂದು ಪುಟ್ಟ ಮೃಗಾಲಯ. ಬೋರ್ಡಿನ ಮೂಲೆಯಲ್ಲಿ ಒಣಗಿದ ಹಲ್ಲಿ, ಕಂಪ್ರೆಸರಿಗೆ ಕರೆಂಟ್ ಕೂಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಸುತ್ತ ಸಣ್ಣ ಕಪ್ಪಿರುವೆ. ಬೆಚ್ಚಗಿರುವ ಜಾಗ ಅಂದರೆ ಇರುವೆಗೆ ಮಳೆಗಾಲದಲ್ಲಿ ಎಲ್ಲಿಲ್ಲದ ಪ್ರೀತಿ. ಅವು ಕಾಂಟ್ಯಾಕ್ಟಿನ ನಡುವೆ ಸಿಕ್ಕಿ ಸತ್ತರೆ ಕಾಂಟ್ಯಾಕ್ಟರ್ ಕೂಡುವುದೇ ಇಲ್ಲ. ಬ್ರಷ್ಷಿನಲ್ಲಿ ಎಲ್ಲ ಒರೆಸಿ ತೆಗೆದೆವು. ಆದರೆ ನಮ್ಮ ತೊಂದರೆ ಅದಲ್ಲ.

ಬೋರ್ಡಿನಲ್ಲಿ ಒಂದೇ ಥರದ ಎರಡು ಬಿಳಿ ಕನೆಕ್ಟರ್ ಇದ್ದವು. ಒಂದು ಟ್ಯಾಂಕಿನ ಸೆನ್ಸರಿಗೆ, ಇನ್ನೊಂದು ಹೊರಗಿನ ಗಾಳಿಯ ಸೆನ್ಸರಿಗೆ. ಎರಡೂ ಒಂದೇ ಜಾತಿ ಅಂತ ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇತ್ತು. ಭಾವ ಎರಡನ್ನೂ ಅದಲು ಬದಲು ಹಾಕಿ, ಮುಚ್ಚಳ ಮುಚ್ಚಿ, ಮೇನ್ ಹಾಕಿದ. ಡಿಸ್‌ಪ್ಲೇಯಲ್ಲಿ ಟ್ಯಾಂಕು 23 ಡಿಗ್ರಿ, ಗಾಳಿ 53 ಡಿಗ್ರಿ! ಶಿರಸಿಯ ಮಳೆಗಾಲದಲ್ಲಿ 53 ಡಿಗ್ರಿ ಗಾಳಿ. ನಕ್ಕೂ ನಕ್ಕೂ ಸಾಕಾಯಿತು. ಆದರೆ ಈ ಒಂದು ಆಟದಿಂದ ದೊಡ್ಡ ವಿಷಯ ಗೊತ್ತಾಯಿತು. ಬೋರ್ಡು ಸರಿ ಇದೆ. ತಪ್ಪು ಲೆಕ್ಕ ವೈರಿನ ಜೊತೆಗೇ ಓಡಾಡುತ್ತಿದೆ. ಬೋರ್ಡ್ ಹೋಗಿದ್ದರೆ 53 ಇದ್ದಲ್ಲೇ ಇರುತ್ತಿತ್ತು. ಕಂಪನಿಯವರ ಎರಡನೇ ತೀರ್ಪೂ ಬಿತ್ತು.

ಈ ಸೆನ್ಸರ್ ಅಂದರೆ ಮತ್ತೇನಲ್ಲ, ಶಾಖ ಏರಿದ ಹಾಗೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಇಳಿಯುವ ಒಂದು ಸಣ್ಣ ಮಣಿ. ಎನ್‌ಟಿಸಿ ಥರ್ಮಿಸ್ಟರ್ ಅಂತಾರೆ. ನಮ್ಮದರಲ್ಲಿದ್ದದ್ದು 10 ಕಿಲೋ ಓಮಿನದು. ಅಂದರೆ 25 ಡಿಗ್ರಿಯಲ್ಲಿ 10 ಕಿಲೋ ಓಮ್. ಐಸ್ ನೀರಿನಲ್ಲಿ ಅದ್ದಿದರೆ 33ರ ಆಸುಪಾಸು, 50 ಡಿಗ್ರಿಯಲ್ಲಿ 3.6ರ ಆಸುಪಾಸು. ಎಲ್ಲ ಕಂಪನಿಯವರೂ ಇದನ್ನೇ ಹಾಕುವುದಿಲ್ಲ, 50 ಕಿಲೋ ಓಮಿನದೂ ಇರುತ್ತದೆ. ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ, ಅದನ್ನು ನೋಡಿಕೊಳ್ಳಬೇಕು. ಅಳೆಯುವಾಗ ಕನೆಕ್ಟರನ್ನು ಬೋರ್ಡಿನಿಂದ ಕಳಚಿಯೇ ಅಳೆಯಬೇಕು. ಇಲ್ಲದಿದ್ದರೆ ಬೋರ್ಡಿನ ರೆಸಿಸ್ಟೆನ್ಸೂ ಸೇರಿ ಏನೋ ಒಂದು ತೋರಿಸುತ್ತದೆ.

ಬೋರ್ಡಿನ ಕಡೆಯ ತುದಿಯಲ್ಲಿ ಅಳೆದರೆ 3.3 ಕಿಲೋ ಓಮ್. ಅದು 52-53 ಡಿಗ್ರಿಯ ಲೆಕ್ಕ. ಟ್ಯಾಂಕಿನ ಹತ್ತಿರ ಹೋಗಿ, ಅದು ಕೂರುವ ಸಣ್ಣ ಕೊಳವೆಯಿಂದ ಸೆನ್ಸರ್ ಎಳೆದು, ಅದರ ಬುಡದಲ್ಲೇ ವೈರ್ ಬಿಡಿಸಿ, ಮತ್ತೆ ಒಳಗೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದೆವು. 4.9! ಪಟ್ಟಿಯಲ್ಲಿ ನೋಡಿದರೆ ಸರಿಯಾಗಿ 42 ಡಿಗ್ರಿ. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಹಾಗಾದರೆ ಸುಳ್ಳು ಸೇರಿಕೊಂಡದ್ದು ದಾರಿಯಲ್ಲಿ.

ಈಗ ಎರಡೂ ಕಡೆ ಏನೂ ಇಲ್ಲದ ಬರೀ ವೈರ್ ಉಳಿದಿತ್ತಲ್ವಾ? ಅದರ ಎರಡು ಎಳೆಗಳ ನಡುವೆ ಮೀಟರ್ ಹಿಡಿದರೆ ಏನೂ ತೋರಿಸಬಾರದು. ಒಂದಕ್ಕೊಂದು ತಾಗದ ಎರಡು ತಂತಿ ಅದು. ಮೀಟರ್ ತೋರಿಸಿದ್ದು ಸುಮಾರು 10 ಕಿಲೋ ಓಮ್. ಭಾವ ಮೀಟರನ್ನು ನನ್ನ ಕಡೆ ತಿರುಗಿಸಿ ಹುಬ್ಬು ಹಾರಿಸಿದ.

ಕಾಲುವೆಯಲ್ಲಿ ತೋಟಕ್ಕೆ ಬಿಟ್ಟ ನೀರು ನಡುವೆ ಏಡಿ ಬಿಲದಲ್ಲಿ ನುಗ್ಗಿದರೆ ಮೇಲಿನಿಂದ ಹರಿವು ಜೋರಾಗಿಯೇ ಕಾಣುತ್ತದೆ. ತೋಟಕ್ಕೆ ಎಷ್ಟು ಮುಟ್ಟಿತು ಅಂತ ಅಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಇಲ್ಲೂ ಅದೇ ಕಥೆ. ಬೋರ್ಡಿನಿಂದ ಹೊರಟ ಕರೆಂಟಿನಲ್ಲಿ ಒಂದಿಷ್ಟು ಸೆನ್ಸರಿನ ಮೂಲಕ, ಒಂದಿಷ್ಟು ನಡುವಿನ ಸೋರಿಕೆಯ ಮೂಲಕ ಹೋಗುತ್ತಿತ್ತು. 4.9 ಕಿಲೋ ಓಮಿಗೆ ಸಮಾನಾಂತರವಾಗಿ 10 ಕಿಲೋ ಓಮ್ ಸೇರಿದರೆ ಲೆಕ್ಕ 3.3ಕ್ಕೆ ಬರುತ್ತದೆ. ಹತ್ತು ಡಿಗ್ರಿ ಸುಳ್ಳು ಅಷ್ಟರಲ್ಲಿ ಹುಟ್ಟಿಬಿಡುತ್ತದೆ.

ಸೋರಿಕೆ ಎಲ್ಲಿ? ನಮ್ಮ ಯೂನಿಟ್ ಹಿತ್ತಿಲಲ್ಲಿ, ಟ್ಯಾಂಕು ಬಚ್ಚಲುಮನೆಯ ಅಟ್ಟದಲ್ಲಿ. ಕಂಪನಿಯಿಂದ ಬಂದ ಸೆನ್ಸರ್ ವೈರ್ ಅಷ್ಟು ದೂರಕ್ಕೆ ಸಾಲದೆ, ಕೂರಿಸಿದವರು ನಡುವೆ ಜೋಡಿಸಿದ್ದರು. ವೈರ್ ಹಿಡಿದುಕೊಂಡು ಹೋದರೆ ಆ ಜಾಯಿಂಟ್ ಸಿಕ್ಕಿದ್ದು ಮಾಡಿನ ಅಂಚಿನಲ್ಲಿ, ಹಂಚಿನ ನೀರು ಬೀಳುವ ಜಾಗದಲ್ಲೇ. ಕಪ್ಪು ಟೇಪ್ ಸುತ್ತಿದ ಒಂದು ಗಂಟು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತಾಗಿತ್ತು. ಬಿಚ್ಚಿದ ಕೂಡಲೇ ಒಳಗಿಂದ ಒಂದು ಹನಿ ನೀರು ಭಾವನ ಅಂಗೈ ಮೇಲೆ ಬಿತ್ತು. ತಾಮ್ರದ ಎಳೆಗಳಿಗೆ ಹಸಿರು ಕಿಲುಬು. ಎರಡೂ ಎಳೆಗಳನ್ನು ಒಂದೇ ಜಾಗದಲ್ಲಿ ತಿರುಚಿ, ಪಕ್ಕಪಕ್ಕದಲ್ಲಿ ಮಲಗಿಸಿ, ಮೇಲೆ ಒಂದೇ ಟೇಪ್ ಸುತ್ತಿದ್ದರು. ನಡುವೆ ಹಸಿರು ಕೆಸರು. ಬೇಸಿಗೆಯಲ್ಲಿ ಒಣಗಿದ್ದರಿಂದ ಏನೂ ಗೊತ್ತಾಗಲಿಲ್ಲ. ಮಳೆ ಹಿಡಿದ ಮೇಲೆ ಅದೇ ಕೆಸರು ಕರೆಂಟಿಗೆ ದಾರಿ ಮಾಡಿಕೊಟ್ಟಿತು.

"ಗ್ಯಾಸ್ ಹೋಯ್ದಿಲ್ಲೆ, ಬೋರ್ಡೂ ಹೋಯ್ದಿಲ್ಲೆ," ಅಂದ ಭಾವ ಅಂಗೈ ಒರೆಸಿಕೊಳ್ಳುತ್ತ.

ಇದೇ ಜಾಯಿಂಟ್ ಬೇರೆ ರೀತಿಯಲ್ಲೂ ಕೆಡಬಹುದು. ಎಳೆಯೇ ಕಿಲುಬು ತಿಂದು ಅರ್ಧ ಕಡಿದಿದ್ದರೆ ರೆಸಿಸ್ಟೆನ್ಸ್ ಏರುತ್ತದೆ. ಆಗ ನೀರು ಇರುವುದಕ್ಕಿಂತ ತಣ್ಣಗಿದೆ ಅಂತ ಯಂತ್ರಕ್ಕೆ ಅನಿಸುತ್ತದೆ. ನೀರು ಕುದಿಯುವ ಹಾಗಾದರೂ ಓಡುತ್ತಲೇ ಇದ್ದು, ಕೊನೆಗೆ ಪ್ರೆಶರ್ ಜಾಸ್ತಿಯಾಗಿ ಟ್ರಿಪ್ ಆಗುತ್ತದೆ. ವೈರ್ ಪೂರ್ತಿ ಕಡಿದರೆ ಅಥವಾ ಎರಡೂ ಎಳೆ ಪೂರ್ತಿ ಕೂಡಿದರೆ ಮಾತ್ರ ಸೆನ್ಸರ್ ಕೆಟ್ಟಿದೆ ಅನ್ನುವ ಕೋಡ್ ಬರುವುದು. ಅರೆಬರೆ ಕೆಟ್ಟರೆ ಕೋಡ್ ಬರುವುದಿಲ್ಲ. ನಮ್ಮನ್ನು ಸತಾಯಿಸಿದ್ದೂ ಅದೇ.

ಜಾಯಿಂಟ್ ಮತ್ತೆ ಕಟ್ಟುವ ಬದಲು ಬೋರ್ಡಿನಿಂದ ಅಟ್ಟದವರೆಗೆ ಹೊಸ ಕೇಬಲ್ ಎಳೆದೆವು. ಮೇಲೆ ಜಾಲರಿ ಹೊದಿಕೆ ಇರುವ ಎರಡೆಳೆಯ ಕೇಬಲ್, ಪೇಟೆಯಲ್ಲೇ ಸಿಗುತ್ತದೆ. ಸೆನ್ಸರಿನ ಬುಡದಲ್ಲಿ ಒಂದು ಜೋಡಣೆ ಹೇಗೂ ಬೇಕಲ್ಲ, ಅದನ್ನು ಒಳಗೆ, ಒಣ ಜಾಗದಲ್ಲಿ ಮಾಡಿದೆವು. ಒಂದೆಳೆಯ ಜೋಡಣೆ ಇನ್ನೊಂದಕ್ಕಿಂತ ಎರಡಿಂಚು ಹಿಂದೆ. ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಕೂರುವ ಶ್ರಿಂಕ್ ಟ್ಯೂಬ್ ಏರಿಸಿ ಬಿಸಿ ಮಾಡಿದ್ದಾಯಿತು. ಹೊಸ ಕೇಬಲನ್ನು ಕರೆಂಟಿನ ವೈರ್ ಇದ್ದ ಪೈಪಿನಲ್ಲಿ ತೂರಿಸಲು ಭಾವ ಬಿಡಲಿಲ್ಲ. ಹಾಗೆ ಮಾಡಿದರೆ ಕಂಪ್ರೆಸರ್ ಓಡುವಾಗ ಡಿಸ್‌ಪ್ಲೇಯ ಅಂಕಿ ಸುಮ್ನೆ ಕುಣಿಯಬಹುದಂತೆ. ಬೇರೆ ಪೈಪ್ ಹಾಕಿದ. ಪೈಪ್ ಯೂನಿಟ್ ಒಳಗೆ ಹೋಗುವ ಮೊದಲು ವೈರನ್ನು ಕೆಳಕ್ಕೆ ಬಾಗಿಸಿ ಮೇಲೆ ತಂದ. ನೀರು ವೈರ್ ಹಿಡಿದು ಬಂದರೂ ಬಾಗಿದ ಜಾಗದಲ್ಲೇ ತೊಟ್ಟಿಕ್ಕಬೇಕು ಅಂತ.

ಮೇನ್ ಹಾಕಿದೆವು. ಡಿಸ್‌ಪ್ಲೇ 41 ತೋರಿಸಿತು. ಮೂರು ನಿಮಿಷ ಏನೂ ಇಲ್ಲ. ಅದು ಕಂಪ್ರೆಸರನ್ನು ಕಾಪಾಡಲು ಯಂತ್ರವೇ ಇಟ್ಟುಕೊಂಡ ಗಡುವು. ಆಮೇಲೆ ಫ್ಯಾನ್ ತಿರುಗಿತು, ಕಂಪ್ರೆಸರ್ ಗುಂಯ್ ಅಂದಿತು. ಹೊರಬರುವ ಗಾಳಿಗೆ ಕೈ ಹಿಡಿದರೆ ತಣ್ಣಗೆ. ಟ್ಯಾಂಕಿಗೆ ಹೋಗುವ ತಾಮ್ರದ ಕೊಳವೆ ಮುಟ್ಟಲಾಗದಷ್ಟು ಬಿಸಿ. ಗಾಳಿಯಿಂದ ಶಾಖ ಹೀರುವ ಕಾಯಿಲ್ ಮೇಲೆ ಎಲ್ಲ ಕಡೆ ಒಂದೇ ಸಮ ಇಬ್ಬನಿ. ಗ್ಯಾಸ್ ಕಮ್ಮಿ ಇದ್ದರೆ ಒಂದು ಮೂಲೆಯಲ್ಲಿ ಮಾತ್ರ ತೇವ ಇರುತ್ತದೆ, ಉಳಿದದ್ದು ಒಣಗಿರುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಸಂಜೆ ಬೇರೆಯೇ ಹಾಡು. ಕೋಣೆಗೆ ಬಂದವರಿಗೆ ಬೇಗ ನೀರು ಬೇಕು ಅಂತ ರಾಡನ್ನೂ ಹಾಕಿದೆ. ಸ್ವಲ್ಪ ಹೊತ್ತಿಗೆ ಯಂತ್ರ ನಿಂತು ಕೋಡ್ ತೋರಿಸಿತು. ಪುಸ್ತಕದಲ್ಲಿ ನೋಡಿದರೆ ವೋಲ್ಟೇಜು ಕಮ್ಮಿ. ನಮ್ಮ ಕಡೆ ಸಂಜೆ ವೋಲ್ಟೇಜು ಬೀಳುವುದು ಹೊಸದೇನಲ್ಲ. ಯಾರಾದರೂ ಲೈನಿಗೆ ಬೈದು ಸುಮ್ಮನಾಗುತ್ತಿದ್ದರು. ಆದರೆ ಭಾವ ಫೋನಿನಲ್ಲೇ ಹೇಳಿದ, ಮೀಟರ್ ಬೋರ್ಡಿನಲ್ಲಿ ಎಷ್ಟಿದೆ, ಯಂತ್ರದ ಹತ್ತಿರ ಎಷ್ಟಿದೆ, ಎರಡೂ ನೋಡಬೇಕು ಅಂತ. ಮರುದಿನ ಅವನೇ ಬಂದು ಕಂಪ್ರೆಸರ್, ರಾಡ್ ಎರಡೂ ಓಡುವಾಗ ನೋಡಿದ. ಮೀಟರ್ ಬೋರ್ಡಿನಲ್ಲಿ 222 ವೋಲ್ಟ್, ಯಂತ್ರದ ಹತ್ತಿರ 191.

31 ವೋಲ್ಟ್ ಎಲ್ಲಿ ಹೋಯಿತು? ಹಿತ್ತಿಲಿಗೆ ಹೋದ ವೈರ್ 1.5 ಚದರ ಮಿಲಿಮೀಟರಿನದು, ಉದ್ದ 35 ಮೀಟರ್ ಹತ್ತಿರ. ಕರೆಂಟು ಹೋಗಿ ಬರಬೇಕು, ಹಾಗಾಗಿ 70 ಮೀಟರ್. ಅಷ್ಟುದ್ದದ ತಾಮ್ರದ ರೆಸಿಸ್ಟೆನ್ಸ್ ಒಂದು ಓಮಿಗಿಂತ ಸ್ವಲ್ಪ ಕಮ್ಮಿ. ಕಂಪ್ರೆಸರ್ ಮತ್ತು 1500 ವಾಟಿನ ರಾಡ್ ಸೇರಿ 11 ಆಂಪಿಯರ್ ಎಳೆದರೆ 9-10 ವೋಲ್ಟ್ ವೈರಿನಲ್ಲೇ ಹೋಗುತ್ತದೆ. ಉಳಿದ 20 ವೋಲ್ಟಿಗೆ ಬೇರೆ ಕಾರಣ ಬೇಕು. 20 ವೋಲ್ಟ್, 11 ಆಂಪಿಯರ್ ಅಂದರೆ 220 ವಾಟ್ ಶಾಖ. ಅಷ್ಟು ಶಾಖ ಎಲ್ಲೋ ಒಂದು ಸಣ್ಣ ಸ್ಕ್ರೂ ಕೆಳಗೆ ಹುಟ್ಟುತ್ತಿದೆ ಅಂತ ಲೆಕ್ಕ. ಕೇಳಿದರೆ ಮೈ ಜುಂ ಅನ್ನಬೇಕು. ಮೇಲೆ ಮರದ ಅಟ್ಟ, ಅದರ ತುಂಬ ಒಣ ಅಡಿಕೆ ಚೀಲ.

ಮುಂದಿನದು ಕರೆಂಟ್ ಇರುವಾಗಲೇ ಮಾಡುವ ಕೆಲಸ. ಭಾವ ಮಾಡಿದ, ನಾನು ಟಾರ್ಚ್ ಹಿಡಿದೆ. ಗೊತ್ತಿಲ್ಲದವರು ಇದಕ್ಕೆ ಕೈ ಹಾಕಲೇಬಾರದು. ಒಂದೊಂದು ಜೋಡಣೆಯ ಈಚೆ ಆಚೆ ಮೀಟರಿನ ಕಡ್ಡಿ ಇಟ್ಟು ನೋಡುತ್ತ ಹೋದ. ಜೋಡಣೆ ಗಟ್ಟಿ ಇದ್ದರೆ ಸೊನ್ನೆ ತೋರಿಸಬೇಕು. ಅಟ್ಟದ ಹಳೇ ಜಂಕ್ಷನ್ ಬಾಕ್ಸಿನಲ್ಲಿ ನ್ಯೂಟ್ರಲ್ ಕನೆಕ್ಟರಿನ ಎರಡೂ ಕಡೆ ಹಿಡಿದಾಗ 19 ವೋಲ್ಟ್. ಮೇನ್ ತೆಗೆದು ಬಿಚ್ಚಿದರೆ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ವೈರಿನ ಹೊದಿಕೆ ಗರಿಗರಿಯಾಗಿ ಬೆರಳಿಗೆ ಪುಡಿಯಾಯಿತು. ಸ್ಕ್ರೂ ಅರ್ಧ ಸುತ್ತು ಸಡಿಲ. ಹಳೆಯ ಬಲ್ಬಿನ ಲೈನಿಗೇ ಹೀಟ್ ಪಂಪ್ ಸಿಕ್ಕಿಸಿದ್ದರು. ಅದರ ಎಂಸಿಬಿಯೂ ಬೀಳುತ್ತಿರಲಿಲ್ಲ. ಎಂಸಿಬಿ ನೋಡುವುದು ಕರೆಂಟ್ ಜಾಸ್ತಿ ಹರಿಯಿತಾ ಅಂತ. ಸಡಿಲ ಜೋಡಣೆಯಲ್ಲಿ ಕರೆಂಟ್ ಜಾಸ್ತಿಯಾಗುವುದಿಲ್ಲ, ಜಾಗ ಮಾತ್ರ ಸುಡುತ್ತದೆ.

ಹಳೇ ಲೈನ್ ಬಿಟ್ಟು ಮೀಟರ್ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರಿನ ವೈರ್ ಎಳೆದೆವು. ನಡುವೆ ಒಂದೂ ಜೋಡಣೆ ಇಲ್ಲ. ಅದಕ್ಕೇ ಅಂತ ಬೇರೆ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ನೀರು, ಕರೆಂಟು, ಒದ್ದೆ ನೆಲ ಮೂರೂ ಒಂದೇ ಕಡೆ ಇರುವ ಬಚ್ಚಲಿಗೆ ಆರ್‌ಸಿಸಿಬಿ ಇಲ್ಲದೆ ಇಷ್ಟು ದಿನ ಕಳೆದದ್ದೇ ಆಶ್ಚರ್ಯ. ಈಗ ಎರಡೂ ಓಡುವಾಗ ಯಂತ್ರದ ಹತ್ತಿರ ವೋಲ್ಟೇಜು ನಾಲ್ಕೇ ವೋಲ್ಟ್ ಇಳಿಯುತ್ತದೆ.

ಕಂಪನಿಯ ಮೆಕ್ಯಾನಿಕ್ ಬಂದದ್ದು ನವರಾತ್ರಿಯ ಹೊತ್ತಿಗೆ. ಒಳ್ಳೆ ಹುಡುಗ. ಗೇಜ್ ಹಾಕಿ ನೋಡಿ ಗ್ಯಾಸ್ ಸರಿ ಇದೆ ಅಂದ, ಕಾಯಿಲ್ ತೊಳೆದುಕೊಟ್ಟ. ಬಿಚ್ಚಿಟ್ಟಿದ್ದ ಹಳೇ ಜಾಯಿಂಟ್ ತೋರಿಸಿದೆ. ಅದರ ಫೋಟೋ ತೆಗೆದುಕೊಂಡ. ಅವನೇ ಇನ್ನೊಂದು ಉಪಾಯ ಹೇಳಿದ: ಟೈಮರ್ ಇಟ್ಟು ಮಧ್ಯಾಹ್ನ ಓಡಿಸಿ ಅಂತ. ಬೆಳಗಿನ ಜಾವದ ಚಳಿಗಿಂತ ಮಧ್ಯಾಹ್ನದ ಗಾಳಿಯಲ್ಲಿ ಶಾಖ ಜಾಸ್ತಿ, ಯೂನಿಟ್ ಕಮ್ಮಿ. ಟ್ಯಾಂಕಿಗೆ ಹೊದಿಕೆ ಇರುವುದರಿಂದ ಮರುದಿನ ಬೆಳಿಗ್ಗೆಯವರೆಗೂ ನೀರು ಬಿಸಿಯಾಗಿಯೇ ಇರುತ್ತದೆ. ಈಗ ಹನ್ನೊಂದರಿಂದ ಮೂರರವರೆಗೆ ಓಡುತ್ತದೆ. ವಾರಕ್ಕೊಮ್ಮೆ ಮಾತ್ರ 60 ಡಿಗ್ರಿಗೆ ಏರಿಸುತ್ತೇನೆ. ನಿಂತ ಬೆಚ್ಚಗಿನ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಆ ಶಾಖಕ್ಕೆ ಸಾಯುತ್ತವೆ. ರಾಡ್ ಆಫ್.

ಉಳಿದದ್ದು ಒಂದೇ ಕೆಲಸ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾಗುವುದರೊಳಗೆ ಅರ್ಥಿಂಗ್ ಸರಿ ಮಾಡಿಸಿ, ಮೀಟರ್ ಬೋರ್ಡಿನಲ್ಲಿ, ಸಿಡಿಲಿಗೆ ಒಮ್ಮೆಲೇ ಏರುವ ವೋಲ್ಟೇಜು ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂರಿಸಬೇಕು. ಸಾಮಾನು ತಂದಿಟ್ಟಿದ್ದೇನೆ. ಭಾವನ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ನಡೆದಿದೆ, ಅದು ಮುಗಿದ ಮೇಲೆ ಬರುತ್ತೇನೆ ಅಂದಿದ್ದಾನೆ.